ಗಡಿಯಾರ ಗೋಪುರದ ಎರಡು ರೇಡಿಯೊ

ನಾನು ಒಂದು ಹಳೆಯ ಟ್ರಾನ್ಸಿಸ್ಟರ್ ರೇಡಿಯೊ. ನಾಲ್ಕು ಸೆಲ್ ಹಾಕಿದರೆ ಮಾತಾಡುತ್ತೇನೆ, ಬೆನ್ನಿಗೊಂದು ಪೆಟ್ಟು ಕೊಟ್ಟರೆ ಇನ್ನೂ ಚೆನ್ನಾಗಿ ಮಾತಾಡುತ್ತೇನೆ. ಹುಬ್ಬಳ್ಳಿಯ ಸಣ್ಣ ಅಂಗಡಿಯೊಂದರಲ್ಲಿ ದಪ್ಪ ಕನ್ನಡಕದ ಮಿಸ್ತ್ರಿಯೊಬ್ಬ ಬೆಸುಗೆ ಹಾಕಿ ನನ್ನನ್ನು ಹುಟ್ಟಿಸಿದ. ಕೊನೆಯ ತಂತಿ ಕೂಡಿದ ಕೂಡಲೇ ಎಲ್ಲೋ ದೂರದಲ್ಲಿ ಹಾಡುತ್ತಿದ್ದ ಹೆಂಗಸಿನ ದನಿ ನನ್ನ ಬಾಯಿಂದ ಬಂತು. ಬರಿಗಾಳಿಯಲ್ಲಿ ದನಿ ಹೇಗೆ ಬರುತ್ತದೆ? ಅಂದಿನ ಆ ಬೆರಗು ನನಗಿನ್ನೂ ಇಳಿದಿಲ್ಲ.

ಮೊದಲು ನನ್ನನ್ನು ಕೊಂಡವರು ಪಕ್ಕದ ಸಣ್ಣ ಊರಿನ ಒಬ್ಬ ಕಂಪೌಂಡರ್. ಕ್ರಿಕೆಟ್ ಕಾಮೆಂಟರಿ ಇದ್ದ ದಿನ ರೋಗಿಗಳ ಗತಿ ದೇವರೇ ಬಲ್ಲ. ವರ್ಗವಾಗಿ ಹೋಗುವಾಗ, ತಮ್ಮ ಗೋಡೆ ಗಡಿಯಾರ ರಿಪೇರಿ ಮಾಡಿಕೊಟ್ಟ ಫಕೀರಪ್ಪನ ಕೈಗೆ ನನ್ನನ್ನಿಟ್ಟು ಹೋದರು. ಫಕೀರಪ್ಪ ಆ ಊರಿನ ಗಡಿಯಾರ ಗೋಪುರ ನೋಡಿಕೊಳ್ಳುವವನು. ಅರವತ್ತೆರಡು ಮೆಟ್ಟಿಲು ಹತ್ತಿಸಿ ನನ್ನನ್ನು ಕಿಟಕಿಯ ಗೂಡಿನಲ್ಲಿ ಕೂರಿಸಿದ.

ಅವನ ಕೆಲಸ ಕಂಡರೆ ನೀವೂ ಬಾಯಿ ಬಿಡುತ್ತೀರಿ. ಗಡಿಯಾರವನ್ನು ಕೂದಲೆಳೆಯಷ್ಟು ಮುಂದೆ ಓಡುವಂತೆ ಇಟ್ಟಿರುತ್ತಿದ್ದ. ಬೆಳಿಗ್ಗೆ ಏಳು ಬಡಿಯಲು ಒಂದೇ ಒಂದು ತೂಗು ಬಾಕಿ ಇರುವಾಗ ಲೋಲಕವನ್ನು ಕೈಯಲ್ಲಿ ಹಿಡಿದು ನಿಲ್ಲಿಸುತ್ತಿದ್ದ. ನಾನು ಪೀಪ್ ಪೀಪ್ ಎಂದು ಸಮಯ ಹೇಳುತ್ತಿದ್ದೆ. ಕೊನೆಯ ಪೀಪ್‌ಗೆ ಅವನು ಕೈ ಬಿಟ್ಟರೆ, ಢಣ್! ಕೆಳಗೆ ಮೌನೇಶನ ಚಹಾದಂಗಡಿಯಲ್ಲೂ ನನ್ನಂಥದೇ ಒಂದು ರೇಡಿಯೊ. ಅದರ ಪೀಪೂ ನಮ್ಮ ಢಣ್ಣೂ ಒಂದಾದಾಗ ಗಿರಾಕಿಗಳು ಮೇಲೆ ನೋಡಿ ಕಪ್ಪು ಎತ್ತುತ್ತಿದ್ದರು. ಫಕೀರಪ್ಪನಿಗೆ ದಿನವಿಡೀ ಅಷ್ಟೇ ಸಾಕಾಗಿತ್ತು.

ಮೂವತ್ತು ವರ್ಷ ಹೀಗೆ ನಡೆಯಿತು. ಗಂಟೆಯ ಪಕ್ಕದಲ್ಲೇ ನಿಂತು ನಿಂತು ಅವನ ಕಿವಿ ಮಂದವಾಯಿತು. ನನಗೂ ವಯಸ್ಸಾಗಿ ಗೊರಗೊರ ಹೆಚ್ಚಿತು. ನನ್ನ ಪೀಪ್ ಆ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು.

ಆಗ ಅವನ ಮಗಳು, ಟೇಲರಿಂಗ್ ಮಾಡುವ ಕಲಾವತಿ, ಒಂದು ಡಿಜಿಟಲ್ ರೇಡಿಯೊ ತಂದಳು. ಗುಂಡಿ ಒತ್ತಿದಳು. ಅಬ್ಬಾ! ಒಂದು ಚೂರೂ ಗೊರಗೊರ ಇಲ್ಲ. ಕೊಳಲಿನವನು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಫಕೀರಪ್ಪನ ಕಣ್ಣು ತುಂಬಿತು. "ಹಾಡಿನ ಮಾತು ಕೇಳಿ ಎಷ್ಟ ವರ್ಷ ಆಗಿತ್ತವಾ," ಎಂದ. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ನಾನೂ ಬೆರಗಿನಿಂದಲೇ ಕೇಳಿದೆ.

ಮರುದಿನ ಹೊಸದರ ಪೀಪ್‌ಗೆ ಲೋಲಕ ಬಿಟ್ಟ. ಅಂಗಡಿಯ ಪೀಪ್ ಮುಗಿದ ಮೇಲೆ ನಮ್ಮ ಢಣ್ ಬಂತು, ಕೆಳಗಿನಿಂದ ನಗು ಎದ್ದಿತು. ಫಕೀರಪ್ಪ ಕೆಳಗಿಳಿದಾಗ ಮೌನೇಶ ಅವನ ಕಿವಿಯ ಹತ್ತಿರ ಬಂದು ಕೂಗಿದ: "ಯಾಕ್ರೀ ಫಕೀರಪ್ಪಣ್ಣ, ಇವತ್ತ ನಿಮ್ಮ ಗಂಟಿಗೆ ನಿದ್ದಿ ಹತ್ತಿತ್ತೇನ್ರಿ?"

ಮೂರು ದಿನವೂ ಅದೇ ನಗು. ಫಕೀರಪ್ಪ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. "ಕಿವಿ ಹೋತು, ಈಗ ಕೈನೂ ಸೋತತಿ. ನಾಳೆ ಕೀಲಿಕೈ ಪುರಸಭಾದಾಗ ಕೊಟ್ಟ ಬರತೀನಿ," ಎಂದ.

ಕಲಾವತಿ ಒಪ್ಪಲಿಲ್ಲ. ಮೇಲೆ ಬಂದು ನಮ್ಮಿಬ್ಬರನ್ನೂ ಅಕ್ಕಪಕ್ಕ ಇಟ್ಟು ಒಟ್ಟಿಗೆ ಹಚ್ಚಿದಳು. ಒಂದೇ ವಾರ್ತೆ, ಒಂದೇ ದನಿ. ನಾನು ಹೇಳಿದ ಮಾತನ್ನೇ ಹೊಸದು ಎರಡು ಮೂರು ಸೆಕೆಂಡು ಬಿಟ್ಟು, ತೊಳೆದಿಟ್ಟ ಹಾಗೆ ಹೇಳುತ್ತಿತ್ತು. ನನ್ನ ಮೈ ಝುಮ್ಮೆಂದಿತು.

"ಅಪ್ಪಾ, ತಪ್ಪು ನಿನ್ನ ಕೈದಲ್ಲ! ಇದಕ್ಕ ದನಿ ಅಂಕಿ ಆಗಿ ಬರತತಿ, ಅದನ್ನ ಬಿಡಿಸಿ ಮತ್ತ ದನಿ ಮಾಡಾಕ ಹೊತ್ತು ಹಿಡೀತತಿ. ಹಳೇದಽ ಮೊದಲ ಹೇಳತತಿ."

"ಹಳೇದು ನನಗ ಕೇಳಸೂದಿಲ್ಲಲ್ಲವಾ?"

ಅವಳು ಅವನ ಅಂಗೈಯನ್ನು ಹಿಡಿದು ನನ್ನ ಬಾಯಿಯ ಬಟ್ಟೆಯ ಮೇಲೆ ಇಟ್ಟಳು. ಅವನ ಮುಖ ಬದಲಾಯಿತು. ನನ್ನ ಮಾತು ಅವನ ಚರ್ಮಕ್ಕೆ ಮುಟ್ಟುತ್ತಿತ್ತು.

ಮರುದಿನ ಒಂದು ಕೈ ಲೋಲಕದ ಮೇಲೆ, ಇನ್ನೊಂದು ನನ್ನ ಮೇಲೆ. ಜೀವನದಲ್ಲಿ ಅಷ್ಟು ಗಟ್ಟಿಯಾಗಿ ನಾನು ಎಂದೂ ಕೂಗಿರಲಿಲ್ಲ. ಕೊನೆಯ ಪೀಪ್ ಅವನ ಬೆರಳಿಗೆ ತಾಗಿತು, ಅವನು ಕೈ ಬಿಟ್ಟ. ಢಣ್! ಅವನು ಕಿಟಕಿಯಿಂದ ಬಗ್ಗಿ ನೋಡಿದರೆ ಚಹಾದಂಗಡಿಯಲ್ಲಿ ಕಪ್ಪುಗಳು ಮೇಲೆದ್ದಿದ್ದವು.

ಡಿಜಿಟಲ್ ಬೇಕೋ ಬೇಡವೋ ಎಂದು ಜನ ಮೆಟ್ಟಿಲಿಳಿದ ಫಕೀರಪ್ಪನನ್ನು ಕೇಳುತ್ತಾರೆ. "ಹಾಡಿಗೆ ಬೇಕಽ ಬೇಕ್ರಿ, ಗಂಟಿಗೆ ಮಾತ್ರ ಬ್ಯಾಡ," ಎನ್ನುತ್ತಾನೆ. ಈಗ ನನಗೆ ದಿನಕ್ಕೆ ಒಂದೇ ನಿಮಿಷದ ಕೆಲಸ. ಉಳಿದ ಹೊತ್ತು ಹೊಸದು ಹಾಡುತ್ತದೆ, ಫಕೀರಪ್ಪ ಕಣ್ಣು ಮುಚ್ಚಿ ಕೇಳುತ್ತಾನೆ. ಕೇಳುವಾಗಲೂ ಅವನ ಕೈ ನನ್ನ ಮೇಲೇ ಇರುತ್ತದೆ.