ನಿಂತ ಕಾರಿನೊಳಗಿನ ಮಾತು

ವಿಮಾ ಕಚೇರಿಯಲ್ಲಿ ಅವಳಿಗಿದ್ದ ಅಡ್ಡಹೆಸರು 'ಎರಡು ನಿಮಿಷ'. ಅಪಘಾತವಾದ ಕಾರುಗಳ ಕ್ಯಾಮೆರಾದಿಂದ ಬಂದ ವಿಡಿಯೊ ನೋಡಿ ತಪ್ಪು ಯಾರದೆಂದು ಬರೆಯುವುದು ಅವಳ ಕೆಲಸ. ಡಿಕ್ಕಿಗೆ ಮುಂಚಿನ ಎರಡು ನಿಮಿಷ, ಆಮೇಲಿನ ಒಂದು ನಿಮಿಷ, ಅಷ್ಟೇ ನೋಡಬೇಕು. ಉಳಿದದ್ದು ಕಾರಿನವರ ಸ್ವಂತ ವಿಚಾರ. ನಿಯಮ ಎಲ್ಲರಿಗೂ ಇತ್ತು, ಪಾಲಿಸುತ್ತಿದ್ದವಳು ಇವಳೊಬ್ಬಳೇ. ಪಕ್ಕದ ಮೇಜಿನವನಂತೂ ಊಟದ ಡಬ್ಬಿ ಬಿಚ್ಚಿಕೊಂಡು ಯಾರದೋ ಗಂಡ ಹೆಂಡಿರ ಜಗಳ ಕೇಳುತ್ತಾ ಕೂತಿರುತ್ತಿದ್ದ. ಜನರಾದರೂ ಎಂಥವರು ನೋಡಿ, ಬೇಕಾದ ತುಣುಕು ಮಾತ್ರ ಕಳಿಸಿ ಎಂದರೆ ಇಡೀ ಮೆಮೊರಿ ಕಾರ್ಡನ್ನೇ ಕಿತ್ತು ಕೊಟ್ಟುಬಿಡುತ್ತಾರೆ. ಉಗುರಿನಷ್ಟು ಪ್ಲಾಸ್ಟಿಕ್ಕಿನಲ್ಲಿ ತಿಂಗಳುಗಟ್ಟಲೆ ಸಂಸಾರ ಇರುತ್ತದೆ ಎಂಬ ಪರಿವೆಯೇ ಅವರಿಗಿರುವುದಿಲ್ಲ.

ಆ ಬುಧವಾರ ಅವಳ ಮೇಜಿಗೆ ಬಂದದ್ದು ಎದುರುಮನೆಯವರ ಕಾರ್ಡು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಆ ಮನುಷ್ಯನನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದು ಸ್ಟೇರಿಂಗ್ ಮಾಮ ಎಂದು. ಈಗ ಒಂದು ಹಳೇ ಕಾರು ಇಟ್ಟುಕೊಂಡಿದ್ದರು. ಓಡಿಸುವುದಕ್ಕಿಂತ ಒರೆಸುವುದೇ ಹೆಚ್ಚು. ಅದಕ್ಕೆ ಕ್ಯಾಮೆರಾ ಹಾಕಿಸಿದವಳೂ ಇವಳೇ. ಹಿಂದಿನ ದಿನ ಹಾಲಿನ ವ್ಯಾನು ಹಿಂದಕ್ಕೆ ಬಂದು, ನಿಂತಿದ್ದ ಕಾರಿನ ಮೂತಿಗೆ ಗುದ್ದಿತ್ತು. 'ಕಾರು ಖಾಲಿ ಇತ್ತು' ಎಂದು ಅರ್ಜಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರು. ಪರಿಚಯದವರ ಕೆಲಸ ಬೇರೆಯವರಿಗೆ ದಾಟಿಸಬೇಕಿತ್ತು. ಎರಡು ನಿಮಿಷದ ಕೆಲಸ ತಾನೇ ಎಂದು ಅವಳೇ ಇಯರ್‌ಫೋನ್ ಹಾಕಿಕೊಂಡಳು.

ತೆರೆಯ ಮೇಲೆ ಅವಳದೇ ಮನೆಯ ಗೇಟು. ಮಧ್ಯಾಹ್ನ ಎರಡೂ ಕಾಲು ಗಂಟೆ, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಕಾರು ಖಾಲಿ ಎಂದಿದ್ದರಲ್ಲ, ಆದರೆ ಕಿವಿಯೊಳಗೆ ಯಾರೋ ಉಸಿರೆಳೆದರು. ಆಮೇಲೆ ಗಂಡಸಿನ ದನಿ:

"ಇವತ್ತು ಯಾವ ವಾರ?"

"ಮಂಗಳವಾರ," ಎಂದಿತು ಇನ್ನೊಂದು ದನಿ. ಅದು ಅವಳ ಅಮ್ಮನದು.

ಅಮ್ಮ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಮಧ್ಯಾಹ್ನ ರೂಮಿನ ಬಾಗಿಲು ಹಾಕಿಕೊಂಡು ಮಲಗುತ್ತಾಳೆ. ಹಾಗೆಂದು ಹೇಳಿದವಳು ಅಮ್ಮ, ನಂಬಿದವಳು ಇವಳು. ನಡುಮನೆಗೆ ಒಂದು, ಅಡುಗೆಮನೆಗೆ ಒಂದು ಕ್ಯಾಮೆರಾ ಹಾಕಿ, ಕಚೇರಿಯಿಂದಲೇ ಮೊಬೈಲಿನಲ್ಲಿ ಗಳಿಗೆಗೊಮ್ಮೆ ನೋಡುತ್ತಿದ್ದಳು. ರೂಮಿಗೆ ಮಾತ್ರ ಹಾಕಿರಲಿಲ್ಲ, ಅಷ್ಟು ನಾಚಿಕೆ ಅವಳಿಗಿತ್ತು. ಆ ರೂಮಿಗೆ ಪಕ್ಕದ ಓಣಿಗೆ ತೆರೆಯುವ ಒಂದು ಬಾಗಿಲಿತ್ತು.

"ಊರ್ಗೆಲ್ಲ ಗೊತ್ತಿರೋದೇ ಕೇಳ್ತೀನಿ, ಹೆದರ್ಕೋಬೇಡಿ ಅಕ್ಕ. ನೂರರಿಂದ ಏಳು ಕಳೀರಿ." ಆ ಗಂಡಸಿನ ದನಿ ಸ್ಟೇರಿಂಗ್ ಮಾಮನದು.

"ತೊಂಬತ್ಮೂರು. ಆಮೇಲೆ ಎಂಬತ್ತಾರು. ಅದಾದ್ಮೇಲೆ ಅವಳು ಸಾಕು ಅಂತಾಳೆ."

ಆಗ ವ್ಯಾನಿನ ಬೆನ್ನು ತೆರೆಯ ತುಂಬ ಬಂತು, ಚಿತ್ರ ಅದುರಿತು. "ಅಮ್ಮಾ," ಎಂದು ಸಣ್ಣಗೆ ಕೂಗಿದಳು ಅಮ್ಮ, ತಾಯಿಯನ್ನು ಕರೆಯುವ ಮಗುವಿನ ಹಾಗೆ.

ಆ ಪ್ರಶ್ನೆಗಳು ಇವಳವೇ. ಮೂರು ತಿಂಗಳ ಹಿಂದೆ ಅಮ್ಮ ಒಲೆ ಹಚ್ಚಿ ಮರೆತಾಗ ಡಾಕ್ಟರು ಹತ್ತು ಪ್ರಶ್ನೆ ಬರೆದುಕೊಟ್ಟಿದ್ದರು. ದಿನಾ ಸಂಜೆ ಕೇಳಿ, ಅಂಕ ಬರೆದಿಡಿ; ಆರಕ್ಕಿಂತ ಕಡಿಮೆ ಬರುತ್ತಿದ್ದರೆ ಒಬ್ಬರನ್ನೇ ಬಿಡುವ ಹಾಗಿಲ್ಲ, ಆರೈಕೆ ಮನೆಗೆ ಸೇರಿಸಬೇಕಾಗುತ್ತದೆ ಎಂದಿದ್ದರು. ಆ ಮಾತು ಕೇಳಿ ಅಮ್ಮ ಇವಳ ಕೈ ಹಿಡಿದುಕೊಂಡು, "ಅಲ್ಲಿಗೊಂದು ಕಳಿಸ್ಬೇಡ ಮಗಳೇ," ಎಂದು ಅತ್ತಿದ್ದಳು. ಮೊದಲ ವಾರ ನಾಲ್ಕು ಬಂತು. ಆಮೇಲೆ ಏಳು, ಎಂಟು, ಈಗ ತಿಂಗಳಿಂದ ಹತ್ತಕ್ಕೆ ಹತ್ತು. ಸೋಮವಾರ ಡಾಕ್ಟರಿಗೆ ಪುಸ್ತಕ ತೋರಿಸಬೇಕು. ಔಷಧಿ ಹಿಡಿಯಿತು ಎಂದು ಇವಳು ಕಚೇರಿಗೆಲ್ಲ ಸಿಹಿ ಹಂಚಿದ್ದಳು, ಪಾಪ.

ಮೂರು ನಿಮಿಷ ಮುಗಿಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳ ಬೆರಳು ಹಿಂದಿನ ದಿನಗಳಿಗೆ ಹೋಯಿತು. ತಪ್ಪೆಂದು ಗೊತ್ತಿದ್ದೇ ಹೋಯಿತು.

ದಿನಾ ಎರಡೂ ಹತ್ತಕ್ಕೆ ಕಾರಿನ ಬಾಗಿಲು ತೆಗೆದ ಅಲುಗಾಟಕ್ಕೆ ಕ್ಯಾಮೆರಾ ಎಚ್ಚರಾಗುತ್ತಿತ್ತು. ದಿನಾ ಅದೇ ಗೇಟು, ಅದೇ ಬಿಸಿಲು, ಮನುಷ್ಯರಿಲ್ಲದ ಚಿತ್ರದ ಮೇಲೆ ಎರಡು ದನಿ. "ನಿಮ್ಮನೇಲೇ ಹೇಳ್ಕೊಡ್ತೀನಲ್ಲ ಅಕ್ಕ, ಈ ಸೆಖೇಲಿ ಇಲ್ಯಾಕೆ?" ಎಂದರು ಒಂದು ದಿನ ಸ್ಟೇರಿಂಗ್ ಮಾಮ. "ಅಲ್ಲಿ ಗೋಡೆ ನೋಡುತ್ತೆ," ಎಂದಳು ಅಮ್ಮ. "ಇಲ್ಲಿ ಯಾರೂ ನೋಡಲ್ಲ."

ಹದಿನೇಳನೇ ತಾರೀಕಿನ ತುಣುಕಿನಲ್ಲಿ ಬೀದಿಯ ತುದಿಯಿಂದ ಒಬ್ಬ ಹೆಂಗಸು ನಡೆದುಬಂದಳು. ಬಗಲಲ್ಲಿ ಚೀಲ, ಹಣೆ ಒತ್ತಿಕೊಂಡ ಕೈ. ತಲೆನೋವೆಂದು ಬೇಗ ಮನೆಗೆ ಹೋದ ದಿನ ಅದು. ತೆರೆಯ ಮೇಲಿದ್ದವಳು ಅವಳೇ. ತನ್ನ ಬೆನ್ನನ್ನು ತಾನು ಯಾರು ತಾನೇ ನೋಡಿರುತ್ತಾರೆ? ಯಾರೋ ಪರಕೀಯಳ ಹಾಗೆ ಕಂಡಿತು.

"ಬಂದ್ಬಿಟ್ಲು," ಎಂದಿತು ಅಮ್ಮನ ದನಿ, ಪಿಸುಗುಟ್ಟಿ.

"ಹೋಗಿ ಅಕ್ಕ, ಮಗಳು ಬಂದ್ರಲ್ಲ."

"ಮಗಳಲ್ಲ ಅದು. ದಿನಾ ಸಂಜೆ ಬರ್ತಾಳೆ. ನನ್ನ ಮಗಳ ಥರಾನೇ ಮಾತಾಡ್ತಾಳೆ, ಅವಳ ಬಟ್ಟೇನೇ ಹಾಕ್ಕೋತಾಳೆ. ಕೊನೇಲಿ ನಾನ್ಯಾರು ಅಂತ ಕೇಳ್ತಾಳೆ. ಮಗಳು ಅಂತ ಹೇಳ್ಬೇಕು. ಇಲ್ದಿದ್ರೆ ಕಳಿಸ್ಬಿಡ್ತಾಳೆ."

ಸ್ಟೇರಿಂಗ್ ಮಾಮ ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಇನ್ನೊಂದ್ಸಲ ಅಕ್ಕ. ನಾನ್ಯಾರು?"

"ನನ್ನ ಮಗಳು."

"ಬೇಗ ಹೇಳ್ಬೇಕು. ನಗ್ತಾ ಹೇಳ್ಬೇಕು."

"ನನ್ನ ಮಗಳು."

ತೆರೆಯ ಮೇಲಿನ ಹೆಂಗಸು ಗೇಟು ಹಾಕಿ ಒಳಗೆ ಹೋದಳು. ಆ ದಿನ ಅಮ್ಮ ಕಣ್ಣುಜ್ಜಿಕೊಳ್ಳುತ್ತಾ ರೂಮಿನಿಂದ ಬಂದು, "ಈಗಷ್ಟೇ ಎದ್ದೆ," ಎಂದದ್ದು ಅವಳಿಗೆ ನೆನಪಾಯಿತು.

ಪಕ್ಕದ ಮೇಜಿನವನು ಕತ್ತು ಚಾಚಿದ. "ಏನ್ ಮೇಡಂ, ನೀವೂ ಶುರು ಹಚ್ಕೊಂಡ್ರಾ?" ಅವಳು ವ್ಯಾನಿನವನದೇ ತಪ್ಪು ಎಂದು ಬರೆದಳು, ದನಿ ತೆಗೆದು ಮೂರು ನಿಮಿಷದ ಚಿತ್ರವನ್ನಷ್ಟೇ ಕಡತಕ್ಕೆ ಸೇರಿಸಿದಳು, ಕಾರ್ಡು ಕಿತ್ತು ಪರ್ಸಿಗೆ ಹಾಕಿಕೊಂಡಳು.

ಸಂಜೆ ಸ್ಟೇರಿಂಗ್ ಮಾಮ ನಜ್ಜಿದ ಬಂಪರನ್ನು ಒರೆಸುತ್ತಿದ್ದರು. ಕಾರ್ಡು ಕೈಗಿಟ್ಟಳು.

"ಕೆಲ್ಸ ಆಯ್ತೇನಮ್ಮ?"

"ಆಯ್ತು ಮಾಮ. ಇದು ಗಾಡಿ ನಿಂತಾಗ್ಲೂ ಎದ್ದಿರುತ್ತೆ. ಮಾತೂ ಕೇಳ್ಸುತ್ತೆ."

ಅವರ ಕೈಯ ಬಟ್ಟೆ ನಿಂತಿತು. ಇಂಜಿನ್ ಆಫ್ ಮಾಡಿದರೆ ಗಾಡಿಯಲ್ಲಿರುವುದೆಲ್ಲ ಮಲಗಿತು ಎಂದೇ ಮೂವತ್ತು ವರ್ಷ ನಂಬಿದ್ದ ಮನುಷ್ಯ. ಕಚೇರಿ ಕೇಳಿತೆಂದಷ್ಟೇ ಕಾರ್ಡು ಕೊಟ್ಟಿದ್ದರು. "ಯಾರಿಗೂ ಹೇಳ್ಬೇಡಿ ಅಂದಿದ್ರು ಕಣಮ್ಮ," ಎಂದರು, ನೆಲ ನೋಡುತ್ತಾ. "ಬಂದು ಕೈ ಮುಗುದ್ರು. ನಂಗೆ ಇಲ್ಲ ಅನ್ನೋಕಾಗ್ಲಿಲ್ಲ."

ಅವಳಿಗೆ ಅವರ ಮೇಲೆ ಕೆಂಡದಂಥ ಸಿಟ್ಟು ಬಂತು. ಅವರ ಹೆಗಲ ಮೇಲೆ ತಲೆಯಿಟ್ಟು ಅಳಬೇಕು ಎಂದೂ ಅನ್ನಿಸಿತು. ಎರಡೂ ಮಾಡದೆ ರಸ್ತೆ ದಾಟಿದಳು.

ಅಮ್ಮ ನಡುಮನೆಯಲ್ಲಿ ಕೂತಿದ್ದಳು, ಮಡಿಲಲ್ಲಿ ಕೈ ಜೋಡಿಸಿಕೊಂಡು. "ಬಾ ಮಗಳೇ. ಆಫೀಸ್ ಹೇಗಿತ್ತು?" ಎಂದಳು. ಈ ಮಾತಿನ ಅಭ್ಯಾಸವನ್ನೂ ಕಾರ್ಡಿನಲ್ಲಿ ಕೇಳಿಯಾಗಿತ್ತು. ಪುಸ್ತಕ ತೆರೆದು ಇವಳು ಒಂದೊಂದೇ ಪ್ರಶ್ನೆ ಕೇಳಿದಳು. ವಾರ, ತಿಂಗಳು, ನೂರರಿಂದ ಏಳು, ಎಲ್ಲ ಸರಿ. ಒಂಬತ್ತಾದ ಮೇಲೆ ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು, ಸಿದ್ಧವಾಗಿ, ಅವಳ ಬಾಯನ್ನೇ ನೋಡಿದಳು.

ಹತ್ತನೆಯದನ್ನು ಕೇಳಲು ಅವಳ ಕೈಲಾಗಲಿಲ್ಲ. ಕೇಳದೆಯೇ ಹತ್ತು ಎಂದು ಬರೆದಳು. ಸೋಮವಾರ ಡಾಕ್ಟರ ಎದುರು ಏನು ಹೇಳಬೇಕೋ, ಕೆಲಸ ಬಿಟ್ಟು ಮನೆಯಲ್ಲೇ ಕೂರಬೇಕೋ, ಒಂದೂ ತೋಚಲಿಲ್ಲ. ಎದ್ದು ಸ್ಟೂಲು ಹತ್ತಿ ನಡುಮನೆಯ ಕ್ಯಾಮೆರಾದ ವೈರು ಕಿತ್ತಳು. ಅದರ ಕೆಂಪು ದೀಪ ಆರಿತು. ಅಡುಗೆಮನೆಯದನ್ನೂ ಕಿತ್ತು ತಂದು ಎರಡನ್ನೂ ಮೇಜಿನ ಮೇಲಿಟ್ಟು, ಅಮ್ಮನ ಎದುರು ಕೂತಳು.

ಅಮ್ಮ ಖಾಲಿ ಗೋಡೆಯನ್ನು ಬಹಳ ಹೊತ್ತು ನೋಡಿದಳು. ಅವಳ ಭುಜ ಸಡಿಲಾಯಿತು. ಹಚ್ಚಿಕೊಂಡಿದ್ದ ನಗು ಮೆಲ್ಲಗೆ ಹೋಯಿತು. ಅದರ ಅಡಿಯಲ್ಲಿ ದಣಿದ, ಮರ್ಯಾದಸ್ಥ ಹೆಂಗಸೊಬ್ಬಳ ಮುಖವಿತ್ತು.

"ಈಗ ಯಾರೂ ನೋಡ್ತಿಲ್ಲ ಅಲ್ವಾ?"

"ಇಲ್ಲ ಅಮ್ಮ."

"ಹಾಗಾದ್ರೆ ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ." ಅಮ್ಮ ಮುಂದಕ್ಕೆ ಬಾಗಿ ದನಿ ತಗ್ಗಿಸಿದಳು. "ನೀವು ಯಾರು?"

"ದಿನಾ ಸಂಜೆ ಬರ್ತೀನಲ್ಲ," ಎಂದಳು ಇವಳು, "ಅವಳೇ."

"ಓ," ಎಂದಳು ಅಮ್ಮ. ಸ್ವಲ್ಪ ಯೋಚಿಸಿ, ಕುರ್ಚಿಯನ್ನು ಇವಳ ಹತ್ತಿರಕ್ಕೆ ಎಳೆದುಕೊಂಡಳು. "ಹಾಗಾದ್ರೆ ನಿಮಗೆ ಗೊತ್ತಿರ್ಬೇಕು. ನನ್ನ ಮಗಳನ್ನ ಎಲ್ಲಿಟ್ಟಿದೀರಿ?"