ಐದನೇ ಪುಟ ನೋಡಿ

೧
ಎಲ್ಲಿಂದ ಶುರು ಮಾಡಲಿ? "ಕಿಬ್ಬನಹಳ್ಳಿ ಹತ್ತಿರ, ತೆಂಗಿನ ತೋಟಗಳ ನಡುವೆ ಒಂದು ಶಾಲೆ" ಎಂದು ಬರೆದೆ, ಹೊಡೆದುಹಾಕಿದೆ. ಆ ಸೀಮೆಯಲ್ಲಿ ತೆಂಗಿನ ತೋಟದ ನಡುವೆ ಇಲ್ಲದ್ದು ಏನಿದೆ ಹೇಳಿ!

ಜಗಳದಿಂದಲೇ ಶುರುವಾಗಲಿ. ಎಪ್ಪತ್ತೆಂಟನೇ ಇಸವಿ. ನಾಲ್ಕನೇ ಕ್ಲಾಸಿನ ಟೀಚರ್ ಗುರುಶಾಂತಮ್ಮ ಪಠ್ಯಪುಸ್ತಕ ಮುಚ್ಚಿಟ್ಟು ಮಕ್ಕಳಿಗೆ ಪೇಪರ್ ಓದಿಸುತ್ತಾರೆ. ಹೆಡ್‌ಮೇಷ್ಟ್ರು ಸದಾಶಿವಯ್ಯನವರಿಗೆ ಮೈಯೆಲ್ಲ ಉರಿ.

"ಪಾಠ ಬುಟ್ಟು ಪೇಪರ್ ಓದ್ಸಕ್ಕೆ ಇದೇನು ಕಟಿಂಗ್ ಶಾಪೇನಮ್ಮಾ? ನಾಳೆ ಇನ್ಸ್‌ಪೆಕ್ಟರ್ ಬತ್ತಾರೆ. ಅವ್ರು ಬ್ಯಾಡ ಅಂದ್ರೆ ಮುಗೀತು, ಪೇಪರ್ ಬಂದ್!"

(ಇಲ್ಲಿ ಗುರುಶಾಂತಮ್ಮನವರ ಕಣ್ಣಲ್ಲಿ ನೀರು ತರಿಸಿದ್ದೆ. "ನಾನ್ಯಾಕ್ರೀ ಅಳ್ಲಿ? ಮೊದ್ಲು ಅದನ್ನ ಹೊಡ್ದಾಕಿ" ಎಂದು ನನ್ನನ್ನೇ ಗದರಿದರು. ಹೊಡೆದುಹಾಕಿದೆ. ಟೀಚರ್ ಮಾತು ಮೀರುವ ಧೈರ್ಯ ನನಗಿಲ್ಲ.)

೨
ಪೇಪರ್ ಬಂದಿದ್ದೇ ಬೋರಮ್ಮನಿಂದ. ಆ ಹುಡುಗಿ ಪುಸ್ತಕವನ್ನು ಗಡಗಡ ಓದುತ್ತಿದ್ದಳು. ಒಂದು ದಿನ ನೋಡಿದರೆ ಪುಸ್ತಕ ತಲೆಕೆಳಗಾಗಿದೆ, ಓದು ಮಾತ್ರ ನಿಂತಿಲ್ಲ. ಪೂರ್ತಿ ಬಾಯಿಪಾಠ! ಗುರುಶಾಂತಮ್ಮ ಲೆಕ್ಕ ಹಾಕಿದರು. ಬಾಯಿಪಾಠ ಮಾಡಲಾಗದ್ದು ಯಾವುದು? ದಿನಾ ಬದಲಾಗುವ ಪೇಪರ್. ಅಂಗಡಿ ಏಕಾಂತಯ್ಯ ಹಳೇ ಪೇಪರಿನ ಹೊರಗಿನ ಹಾಳೆ ಕೊಡಲು ಒಪ್ಪಿದ. ಒಳಗಿನ ಹಾಳೆ ಅವನಿಗೆ ಕಡ್ಲೆಪುರಿ ಕಟ್ಟಲು ಬೇಕು.

ಅಲ್ಲೇ ಎಡವಟ್ಟಾಯಿತು. ಸುದ್ದಿಯ ಕೊನೆಗೆ "೫ನೇ ಪುಟ ನೋಡಿ" ಎಂದಿರುತ್ತದೆ, ಐದನೇ ಪುಟ ಪೊಟ್ಟಣವಾಗಿರುತ್ತದೆ. ಬೋರಮ್ಮ ಮೊದಲ ದಿನ ಅಕ್ಷರ ಕೂಡಿಸಿ ಕೂಡಿಸಿ ಓದಿದ್ದು ಹೀಗೆ: "ತೋಟಕ್ಕೆ ನುಗ್ಗಿದ ಚಿರತೆಯನ್ನು ಕಂಡ ರೈತರು ಐದನೇ ಪುಟ ನೋಡಿ..." ತಲೆಯೆತ್ತಿದಳು. "ನೋಡಿ ಏನ್ ಮಾಡುದ್ರು ಟೀಚರ್?"

ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಗುರುಶಾಂತಮ್ಮ ನಗಲಿಲ್ಲ, ಸೀಮೆಸುಣ್ಣ ಕೊಟ್ಟರು. "ಏನ್ ಮಾಡುದ್ರು ಅಂತ ನೀನೇ ಬರಿ ಕಣೇ."

ಅಂದಿನಿಂದ ಐದನೇ ಪುಟ ಬರೆಯುವುದು ಮಕ್ಕಳ ಕೆಲಸವಾಯಿತು.

೩
ಇನ್ಸ್‌ಪೆಕ್ಟರ್ ಬಂದರು. (ಅವರ ಬಸ್ಸು ಕೆಡಿಸಿದ ಡ್ರಾಫ್ಟೂ ಒಂದಿತ್ತು. ಹೇಡಿತನ ಅನ್ನಿಸಿ ಹರಿದೆ.) ಬೋರಮ್ಮನಿಂದ ಪುಸ್ತಕ ಓದಿಸಿದರು.

"ಇಷ್ಟು ಚೆನ್ನಾಗಿ ಓದ್ತಾಳಲ್ಲಮ್ಮಾ, ಪೇಪರ್ ಯಾಕೆ?"

ಗುರುಶಾಂತಮ್ಮ ಪುಸ್ತಕವನ್ನೇ ಕಿತ್ತುಕೊಂಡರು. ಬೋರಮ್ಮ ನಿಲ್ಲಿಸಲೇ ಇಲ್ಲ, ಸೂರು ನೋಡುತ್ತಾ ಮುಂದಿನ ಪಾಠಕ್ಕೆ ಹೋದಳು. ಸದಾಶಿವಯ್ಯನವರಿಗೆ ಕೆಮ್ಮು ಬಂತು.

"ಈಗ ನಿಮ್ ಬ್ಯಾಗಲ್ಲಿರೋ ಇವತ್ತಿನ ಪೇಪರ್ ಕೊಡಿ ಸಾರ್. ಇದನ್ನ ಈ ಊರಲ್ಲಿ ಇನ್ನೂ ಯಾರೂ ನೋಡಿಲ್ಲ" ಎಂದರು ಗುರುಶಾಂತಮ್ಮ.

ಬೋರಮ್ಮ ಬೆರಳಿಟ್ಟು ಓದಿದಳು. ತಡವರಿಸಿದಳು. ಹುಡುಗಿ ಒತ್ತಕ್ಷರ ಬಿಡಿಸಿಕೊಂಡು ಮುಂದೆ ಹೋದಳು. "ಕೆರೆ ಏರಿಯ ಮೇಲೆ ಕೆಟ್ಟು ನಿಂತ ಬಸ್ಸನ್ನು ಪ್ರಯಾಣಿಕರೇ... ಐದನೇ ಪುಟ ನೋಡಿ."

"ಭೇಷ್! ತಗೊ ಮಗು, ಐದನೇ ಪುಟ" ಎಂದು ಇನ್ಸ್‌ಪೆಕ್ಟರ್ ಖುಷಿಯಾಗಿ ಹಾಳೆ ತಿರುಗಿಸಹೋದರು.

ಕ್ಲಾಸಿಗೆ ಕ್ಲಾಸೇ ಕೂಗಿಕೊಂಡಿತು: "ಬ್ಯಾಡಿ ಸಾ! ನಾವಿನ್ನೂ ಬರ್ದಿಲ್ಲ!"

ಗುರುಶಾಂತಮ್ಮ ಗೆದ್ದರು. ಮುಚ್ಚುಮರೆ ಯಾಕೆ, ಜೋರಾಗಿಯೇ ಹೇಳುತ್ತೇನೆ: ಗೆದ್ದರು! ಇನ್ಸ್‌ಪೆಕ್ಟರ್ ಪೇಪರ್ ಮಡಿಸಿ ಮೇಜಿನ ಮೇಲಿಟ್ಟರು. "ಇದನ್ನ ನಿಲ್ಲಿಸ್ಬೇಡಿ ಸದಾಶಿವಯ್ಯನವ್ರೇ" ಎಂದವರೇ ಮಕ್ಕಳ ಸಾಲಲ್ಲಿ ಕೂತು ಒಂದು ಸ್ಲೇಟು ಕೇಳಿದರು.

೪
ಮುಕ್ತಾಯ? ಏಕಾಂತಯ್ಯ ಪೂರ್ತಿ ಪೇಪರ್ ಕೊಡತೊಡಗಿದ, ಮಕ್ಕಳು ಒಳಗಿನ ಹಾಳೆ ವಾಪಸ್ ಕಳಿಸಿದರು ಎಂದೊಂದು ಬರೆದೆ. ಬೋರಮ್ಮ ಮುಂದಿನ ವರ್ಷ ಏಕಾಂತಯ್ಯನಿಗೇ ಪೇಪರ್ ಓದಿ ಹೇಳಿದಳು ಎಂದಿನ್ನೊಂದು. ಅವಳು ಎರಡನ್ನೂ ಒಪ್ಪಲಿಲ್ಲ. "ಕೊನೆ ಬರ್ಯದು ನಮ್ ಕೆಲ್ಸ ಸಾ, ನೀವು ಬುಡಿ."

ಬಿಟ್ಟೆ. ನನ್ನ ಪಾಲಿಗೆ ಒಂದೇ ಸಾಲು ಉಳಿದಿದೆ: ಎಲ್ಲರೂ ಸ್ಲೇಟಿನ ಮೇಲೆ ಬಗ್ಗಿರುವಾಗ ಸದಾಶಿವಯ್ಯನವರು ಮೆಲ್ಲಗೆ ಮೇಜಿನ ಹತ್ತಿರ ಹೋಗಿ, ಯಾರಿಗೂ ಕಾಣದ ಹಾಗೆ, ಐದನೇ ಪುಟ ನೋಡಿ