ದ್ವೀಪಕ್ಕೆ ಹೊರಟ ಪ್ಲಮ್ ಕೇಕು

ನಮ್ಮ ಮದುವೆಯ ಊಟದಲ್ಲಿ ನನ್ನ ಗಂಡ ಓಟ್ಮಾರ್ ಒಂದು ಮಾತು ಆಡಿಬಿಟ್ಟ. ನನ್ನ ಅಕ್ಕ ಗುಡ್ರುನ್ ಆ ವರ್ಷವೇ ಜರ್ಮನಿಯ ಉತ್ತರ ಕಡಲಿನ ಯೂಸ್ಟ್ ದ್ವೀಪದ ಮೀನುಗಾರನ ಕೈ ಹಿಡಿದು ಹೋಗಿದ್ದಳು. ಅಮ್ಮನ ಮರದ ಪ್ಲಮ್ ಹಣ್ಣಿನ ಕೇಕು ಇನ್ನು ತನ್ನ ಪಾಲಿಗಿಲ್ಲ ಎಂದು ಕಣ್ಣೊರೆಸಿಕೊಂಡಳು.

"ವಿಮಾನದಲ್ಲಿ ನಾನು ತರ್ತೀನಿ ಬಿಡು, ಬಿಸಿ ಆರೋದ್ರೊಳಗೆ!" ಎಂದ ಓಟ್ಮಾರ್.

"ಬಿಸಿಯಾಗಿ ತಂದ ದಿನ ನೀನು ಪೈಲಟ್ ಅಂತ ಒಪ್ಕೋತೀನಿ. ಅಲ್ಲೀವರೆಗೂ ಬರೀ ಛಾವಣಿ ಹತ್ತೋನು," ಎಂದಳು ಅಕ್ಕ. ಓಟ್ಮಾರ್ ಮನೆಗಳಿಗೆ ಕಲ್ಲುಹಂಚು ಹೊದಿಸುವವನು.

ನಮ್ಮ ಗುಡ್ಡಗಾಡು ಸೌವರ್‌ಲ್ಯಾಂಡಿನಲ್ಲಿ ಪ್ಲಮ್ ಹಣ್ಣಾಗುವುದೂ ಗುಡ್ಡದ ನೆತ್ತಿಗೆ ಮೋಡ ಕವಿಯುವುದೂ ಒಂದೇ ಕಾಲಕ್ಕೆ. ಓಟ್ಮಾರ್‌ಗಿದ್ದದ್ದು ಹೊರಗೆಲ್ಲ ಕಣ್ಣಿಗೆ ಕಾಣುವಾಗ ಮಾತ್ರ ಹಾರುವ ಲೈಸೆನ್ಸು. ಮೋಡದೊಳಗೆ ಬರೀ ಉಪಕರಣಗಳ ಮುಳ್ಳುಗಳನ್ನು ನೋಡಿ ಹಾರಲು ಬೇರೆ ಅರ್ಹತೆ ಬೇಕು. ಹೀಗಾಗಿ ವರ್ಷ ವರ್ಷವೂ ಸೆಪ್ಟೆಂಬರಿನಲ್ಲಿ ಕೇಕು ಹೊತ್ತು ಹೊರಡುವುದು, ಗುಡ್ಡದ ಬುಡದ ಕಲ್ಲುಗಣಿಯಿಂದ ತಿರುಗಿ ಬರುವುದು. ಆಕಾಶ ತಿಳಿಯಾಗಿದ್ದ ವರ್ಷ ಮರ ಹಣ್ಣು ಬಿಡಲಿಲ್ಲ, ಇಲ್ಲವೇ ಓಟ್ಮಾರ್ ಯಾರದೋ ಛಾವಣಿಯ ಮೇಲಿರುತ್ತಿದ್ದ. ಮೋಡ ಕಂಡು ಹಿಂದಿರುಗಿದವರ ಬುತ್ತಿ ಕ್ಲಬ್ಬಿನ ಮೇಜಿಗೆ, ಅದು ನಮ್ಮ ಹಾರಾಟದ ಕ್ಲಬ್ಬಿನ ರೂಢಿ. ನಮ್ಮ ಎಂಜಿನ್ ಸದ್ದಿಗೆ ತಟ್ಟೆಗಳು ಹೊರಬರುತ್ತಿದ್ದವು. ಕೇಕಿನ ಮೇಲೆ ಹಾಕುವ ಕೆನೆಯನ್ನಂತೂ ಮೊದಲೇ ನೊರೆಯಾಗಿ ಕಡೆದಿಟ್ಟಿರುತ್ತಿದ್ದರು.

ಅರ್ಹತೆ ಪಡೆಯೋಣವೆಂದರೆ ಹಳೆಯ ನಿಯಮ ಬೆಟ್ಟದಷ್ಟು. ಭಾನುವಾರದ ಖುಷಿಗೆ ಹಾರುವವನೂ ಹೆಚ್ಚುಕಡಿಮೆ ದೊಡ್ಡ ವಿಮಾನದವರಷ್ಟೇ ಓದಬೇಕು. ಓಟ್ಮಾರ್ ಎರಡು ಸಲ ಪುಸ್ತಕ ತೆರೆದ, ಎರಡು ಸಲವೂ ಮುಚ್ಚಿದ. ಕೊನೆಗೆ ಯುರೋಪ್ ಒಕ್ಕೂಟದವರು ನಿಯಮ ಬದಲಿಸಿ ನಮ್ಮಂಥವರಿಗೆಂದೇ ಸರಳವಾದ ಅರ್ಹತೆಯೊಂದನ್ನು ತಂದರು. ಪಾಠವನ್ನು ತುಂಡು ತುಂಡಾಗಿ ಕಲಿಯಬಹುದು. ಎಷ್ಟು ಗಂಟೆ ಹಾರಿದೆ ಎಂದು ಕೇಳುವುದಿಲ್ಲ, ಕೈಗೆ ಬಂತೇ ಎಂದು ನೋಡುತ್ತಾರೆ.

"ಇನ್ನು ನಿನಗೆ ನೆಪ ಇಲ್ಲ, ಓಟ್ಮಾರ್," ಎಂದಳು ಕ್ಲಬ್ಬಿನಲ್ಲಿ ಹಾರಾಟ ಕಲಿಸುವ ಸ್ವೆನ್ಯಾ.

"ಈ ವಯಸ್ಸಲ್ಲಿ ಪರೀಕ್ಷೆನಾ ಅಂತ ನಗ್ತಾರಮ್ಮ."

"ನಗೋರೆಲ್ಲ ಕೇಕ್ ತಿನ್ನೋರು. ನೀನು ಕಲಿಯೋದು ಅವರಿಗ್ಯಾಕೆ ಬೇಕು?"

ನಾನೂ ತಡವಾಗಿ ಸಂಜೆ ಶಾಲೆಯಲ್ಲಿ ಓದಿದವಳು. ಅವನ ಪಾಠ ಒಪ್ಪಿಸಿಕೊಳ್ಳುವ ಕೆಲಸ ನನ್ನದಾಯಿತು. ತಪ್ಪಿದ್ದನ್ನು ಮತ್ತೆ ಕೇಳಿದೆ, ಮತ್ತೂ ಕೇಳಿದೆ. ಬೇಸಿಗೆಯ ಕೊನೆಗೆ ಪಾಸಾದ.

ಆ ಸೆಪ್ಟೆಂಬರಿನಲ್ಲೂ ಮೋಡ ತನ್ನ ಜಾಗದಲ್ಲೇ ಕೂತಿತ್ತು. ಒಲೆಯಿಂದ ಇಳಿಸಿದ ಕೇಕನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೆ. "ಕೆನೆ ಕಡೀತಿದೀವಿ, ಬೇಗ ಬನ್ನಿ!" ಎಂದು ಕ್ಲಬ್ಬಿನವರು ಕೈ ಬೀಸಿದರು.

ಕಲ್ಲುಗಣಿ ಬಂತು. ವಿಮಾನ ಎಡಕ್ಕೆ ವಾಲಿತು.

"ಎಲ್ಲಿಗೋ?" ಎಂದೆ.

"ಅಯ್ಯೋ, ರೂಢಿ ಕಣೇ!"

ನೆಟ್ಟಗೆ ಮಾಡಿಕೊಂಡ. ರೇಡಿಯೊದಲ್ಲಿ ಒಪ್ಪಿಗೆ ಸಿಕ್ಕಿತು, ವಿಮಾನದ ಮೂಗೆತ್ತಿ ಮೋಡಕ್ಕೆ ನುಗ್ಗಿದ. ರೆಕ್ಕೆಯೂ ಕಾಣದಷ್ಟು ಬೂದು. ಅವನ ಕಣ್ಣು ಮುಳ್ಳಿನಿಂದ ಮುಳ್ಳಿಗೆ ಓಡುತ್ತಿತ್ತು.

"ಮಾತಾಡಬೇಡ."

"ನಾನೆಲ್ಲಿ ಮಾತಾಡ್ದೆ?"

"ಉಸಿರು ಜೋರಾಗಿ ಬಿಡ್ತಿದೀಯ."

ಉಸಿರು ಹಿಡಿದೆ. ಬೂದು ಬೆಳ್ಳಗಾಯಿತು, ಬಿಳಿ ಹೊಳೆಯಿತು, ಒಮ್ಮೆಲೇ ಬಿಸಿಲು! ಕೆಳಗೆಲ್ಲ ಕಡೆದ ಕೆನೆ. ಓಟ್ಮಾರ್ ಕೂಗಿದ ಕೂಗಿಗೆ ನನ್ನ ಕಿವಿ ಗುಂಯ್ ಎಂದಿತು. ಕೇಕನ್ನು ಮುಟ್ಟಿ ಮುಟ್ಟಿ ನೋಡುತ್ತ ಕೂತೆ. ಕರಾವಳಿಯಲ್ಲಿ ಮೋಡ ಹರಿದು ಕಡಲು ಕಂಡಿತು, ಆಮೇಲೆ ದ್ವೀಪ.

ನಾವು ಇಳಿಯುತ್ತಲೇ ಗುಡ್ರುನ್ ಶಾಲಿನೊಳಗೆ ಕೈ ತೂರಿಸಿದಳು. ಓಟ್ಮಾರ್ ಪರೀಕ್ಷೆಯ ದಿನಕ್ಕಿಂತ ಬಿಳಿಚಿದ್ದ.

"ಬಿಸಿ ಇಲ್ಲ," ಎಂದಳು. ಅವನ ಮುಖ ಇಳಿಯುವುದನ್ನು ತೃಪ್ತಿಯಾಗುವಷ್ಟು ನೋಡಿ, "ಬೆಚ್ಚಗಿದೆ. ಸಾಕು, ಬಾರೋ ಪೈಲಟ್ಟೇ!" ಎಂದು ತಬ್ಬಿಕೊಂಡಳು.

ಅವಳ ಮನೆಯಲ್ಲಿ ಮೇಜಿಗೆ ಕೂರುವಾಗ ಫೋನು ಬಂತು. ಸ್ವೆನ್ಯಾ. "ತಟ್ಟೆ ಹಿಡ್ಕೊಂಡು ಕೂತಿದೀವಿ. ಎಲ್ಲಿದೀರಿ?"

"ಯೂಸ್ಟಲ್ಲಿ," ಎಂದೆ. ಆ ಕಡೆಯ ಕೇಕೆ ಅಡಗಲು ಕಾದು, "ನಿಮ್ಮ ಪಾಲಿನ ಕೇಕು ಕ್ಲಬ್ಬಿನ ಅಡುಗೆಮನೆ ಬೀರುವಿನ ಕೆಳಗಿನ ಅರೇಲಿದೆ. ಬೆಳಿಗ್ಗೆನೇ ಇಟ್ಟೆ," ಎಂದೆ.

"ಅಂದ್ರೆ ಇವತ್ತು ವಾಪಸ್ ಬರಲ್ಲ ಅಂತ ಬೆಳಿಗ್ಗೆನೇ ಗೊತ್ತಿತ್ತಾ?"

ಓಟ್ಮಾರ್ ನನ್ನನ್ನೇ ನೋಡುತ್ತಿದ್ದ. ನಾನು ಗುಡ್ರುನ್ ಕೈಯಿಂದ ಚಾಕು ತೆಗೆದುಕೊಂಡು ಮೊದಲ ತುಂಡನ್ನು ಅವನ ತಟ್ಟೆಗೆ ಹಾಕಿದೆ.